ನೀರಲ್ಲಿ ಮಲಗಿದ ಕಲ್ಲುಗಳು

೯ ಜನವರಿ ೨೦೦೨, ಬುಧವಾರ

ನನ್ನ ಹೆಸರು ರಾಮಚಂದ್ರಪ್ಪ. ಶಿವಮೊಗ್ಗ, ಆಲ್ಕೊಳ. ಇಷ್ಟು ಬರೆಯುವುದಕ್ಕೆ ಕಾಲು ಗಂಟೆ ಹಿಡಿಯಿತು. ಬೆರಳು ಬೇರೆ ಯಾರದೋ ಅನ್ನುವ ಹಾಗೆ ತನಗೆ ತೋಚಿದ ಕಡೆ ಹೋಗುತ್ತದೆ. ಸಾಕು.

೧೨ ಜನವರಿ, ಶನಿವಾರ

ದಿನಾ ಒಂದು ಪುಟ ಬರೆಯಬೇಕಂತೆ. ಏನು ಬೇಕಾದರೂ ಬರೆಯಿರಿ, ಯಾರೂ ಓದುವುದಿಲ್ಲ, ಇದು ಬೆರಳಿನ ಕಸರತ್ತು ಎಂದ ವಿಶ್ವಾರಾಧ್ಯ. ದೀಪಾವಳಿ ಕಳೆದ ವಾರ ನನಗೆ ಲಕ್ವ ಹೊಡೆಯಿತು. ಆಗಿನಿಂದ ಈ ವಿಶ್ವಾರಾಧ್ಯ ಫಿಸಿಯೋಥೆರಪಿ ಮಾಡಲು ಮನೆಗೆ ಬರುತ್ತಾನೆ. ಸಂಜೆ ಹೊತ್ತು ಜಿಮ್ ನಡೆಸುತ್ತಾನಂತೆ. ತೋಳು ನೋಡಿದರೇ ಗೊತ್ತಾಗುತ್ತದೆ. ಅಂಗಿಯ ಹೊಲಿಗೆ ಇವತ್ತೋ ನಾಳೆಯೋ ಅನ್ನುವಂತಿರುತ್ತದೆ.

ಇವತ್ತು ನನ್ನ ಬಲಗೈಯನ್ನು ಎತ್ತಿಸಿ, ಇಳಿಸಿ, ತಾನು ಮೇಲಿನಿಂದ ಅದುಮಿ, ಕಾಗದದಲ್ಲಿ ಏನೋ ಗೀಚಿದ.

"ಪವರ್ ಮೂರು, ಅಂಕಲ್."

"ಎಷ್ಟಕ್ಕೆ?"

"ಐದಕ್ಕೆ."

"ಮೂರು ಅಂದ್ರೇನು?"

"ಕೈ ತನ್ನ ಭಾರ ತಾನು ಎತ್ಕೊಳ್ಳುತ್ತೆ. ಮೇಲೆ ಬೇರೆ ಭಾರ ಹಾಕಿದ್ರೆ ಬಿದ್ದೋಗುತ್ತೆ."

ಮೈ ಉರಿಯಿತು. ಅಡಿಕೆ ಮಂಡಿಯಲ್ಲಿ ಹಮಾಲಿಯಾಗಿ ಆಯುಷ್ಯ ಕಳೆದವನು ನಾನು. ಲಾರಿಯಿಂದ ಚೀಲ ಬೆನ್ನಿಗೆ ಬಿದ್ದರೆ ಹಲಗೆ ಅಲ್ಲಾಡುತ್ತಿತ್ತು, ನಾನಲ್ಲ.

"ಮಾರ್ಕ್ಸ್ ಹಾಕ್ತಾರೆ ಅಂತಾನೇ ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು. ಈಗ ನೀನು ಮನೆವರೆಗೂ ಬಂದ್ಯಾ?"

ಅವನಿಗೆ ನಗು. ಹೋಗುವಾಗ ಮಣಿಕಟ್ಟಿಗೆ ಕಟ್ಟಿಕೊಳ್ಳಲು ಒಂದು ಮರಳಿನ ಪಟ್ಟಿ ಕೊಟ್ಟ. ಅರ್ಧ ಕೆ.ಜಿ.ಯಂತೆ. ಅಷ್ಟರಲ್ಲಿ ತೊಗರಿಬೇಳೆ ತರುತ್ತಾರೆ, ಕಸರತ್ತು ಮಾಡುವುದಿಲ್ಲ.

ನಾಲಿಗೆಯೂ ದಪ್ಪಗಾಗಿದೆ. ಮನೆಯವರಿಗೆ ಅರ್ಥವಾಗುತ್ತದೆ, ಹೊರಗಿನವರು "ಆಂ?" ಅನ್ನುತ್ತಾರೆ. ಆ "ಆಂ?" ಕೇಳುವುದಕ್ಕಿಂತ ಮನೆಯಲ್ಲಿರುವುದು ವಾಸಿ.

೧೪ ಜನವರಿ, ಸೋಮವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಬಾಯಿಯ ಒಂದೇ ಕಡೆ ಕೂತುಬಿಟ್ಟಿತು. ಹೆಂಡತಿ ಹೂವಮ್ಮ ಸೆರಗಿನಿಂದ ಒರೆಸಲು ಬಂದಳು. ಬೈದು ಕಳಿಸಿದೆ.

ಮಧ್ಯಾಹ್ನ ಮಗಳು ಸಂಧ್ಯಾ ಕಂಟ್ರಾಕ್ಟರನ ಜೀಪಿನಲ್ಲಿ ಮೂರು ಚೌಕ ಕಲ್ಲು ತಂದಳು. ಅವಳು ಡಿಪ್ಲೊಮಾ ಓದಿದ ಇಂಜಿನಿಯರು. ಭದ್ರಾವತಿಯಲ್ಲಿ ಒಂದು ಸಮುದಾಯ ಭವನ ಕಟ್ಟುವ ಕಡೆ ಕೆಲಸ. ಶನಿವಾರ ಅದರ ತಾರಸಿ ಹಾಕಿದರಂತೆ.

"ಇದೇನೇ, ಹಬ್ಬದ ದಿನ ಕಲ್ಲು ಹೊತ್ಕೊಂಡ್ ಬಂದಿದೀಯ?"

"ಕಲ್ಲಲ್ಲ ಅಪ್ಪ, ಕ್ಯೂಬು. ತಾರಸಿಗೆ ಹಾಕಿದ ಕಾಂಕ್ರೀಟೇ. ಮೂರು ಸಲದ ಕಲಸಿಂದ ಒಂದೊಂದು ತೆಗ್ದಿದೀನಿ. ಸೈಟಲ್ಲಿ ಬಿಟ್ರೆ ಕೂಲಿಯವರು ಒಲೆ ಹೂಡ್ತಾರೆ. ಹೋದ್ಸಲ ಹೋಗಿ ನೋಡ್ತೀನಿ, ಇವುಗಳ ಮೇಲೆ ಹುರುಳಿ ಸಾರು ಕುದೀತಿದೆ."

ಹಿತ್ತಲಲ್ಲಿ ಎಮ್ಮೆಗೆ ಕಲಗಚ್ಚು ಹುಯ್ಯುತ್ತಿದ್ದ ಕಲ್ಲುಬಾನಿ ಇದೆ. ಎಮ್ಮೆ ಹೋಗಿ ಕಾಲವಾಯಿತು. ಅದರ ತುಂಬ ನೀರು ಹುಯ್ದು ಮೂರನ್ನೂ ಮುಳುಗಿಸಿ ಮೇಲೆ ತಗಡು ಮುಚ್ಚಿದಳು. ಇಪ್ಪತ್ತೆಂಟು ದಿನ ಅಲ್ಲೇ ಇರಬೇಕಂತೆ. ಆಮೇಲೆ ಇಲ್ಲೇ ಕಾಲೇಜಿನ ಮಿಷನ್ನಿನಲ್ಲಿಟ್ಟು ಒಡೆಯುತ್ತಾರಂತೆ. ಎಷ್ಟು ಭಾರಕ್ಕೆ ಒಡೆಯಿತು ಅನ್ನುವುದೇ ತಾರಸಿಯ ಶಕ್ತಿ.

"ಒಡೆದ್ಮೇಲೆ ಶಕ್ತಿ ಇದ್ರೇನು, ಬಿಟ್ರೇನು?"

"ಒಡೆಯೋದು ಇದು ಅಪ್ಪ, ಉಳಿಯೋದು ತಾರಸಿ. ಯಾರೂ ಮುಟ್ಬೇಡಿ ಆಯ್ತಾ?"

ನನ್ನ ಹಿತ್ತಲಲ್ಲಿ ನನಗೇ ಹೇಳುತ್ತಾಳೆ.

೧೭ ಜನವರಿ, ಗುರುವಾರ

ಊಟ ಮಾಡಿ ಮಲಗಿದಾಗ ಒಂದು ಕನಸು. ಮಂಡಿಯ ಗೋದಾಮಿನಲ್ಲಿ ಮೊಣಕಾಲುದ್ದ ನೀರು. ಬಾಗಿಲ ಸಂದಿಯಿಂದ ಬಿಸಿಲು ಬಂದು ನೀರೆಲ್ಲ ಅಡಿಕೆ ಬೇಯಿಸಿದ ಚೊಗರಿನ ಹಾಗೆ ಕೆಂಪಗಿದೆ. ಚೀಲಗಳು ಲಾರಿಯಿಂದ ತಾವೇ ಇಳಿದು, ಬಾತುಕೋಳಿಗಳ ಹಾಗೆ ಸಾಲಾಗಿ ತೇಲಿ ಬಂದು, ಒಂದೊಂದೇ ನನ್ನ ಬೆನ್ನು ಹತ್ತುತ್ತವೆ. ಭಾರವೇ ಇಲ್ಲ. ಹತ್ತಿದವು ಹೋಗಲಿ, ನನ್ನನ್ನೇ ಸ್ವಲ್ಪ ಮೇಲಕ್ಕೆ ಎತ್ತುತ್ತಿವೆ. ಎಚ್ಚರವಾದಾಗ ಬಲಗೈ ಎದೆಯ ಮೇಲೆ ಯಾರದೋ ಮನೆಯ ಬೆಕ್ಕು ಬಂದು ಮಲಗಿದ ಹಾಗೆ ಮಲಗಿತ್ತು.

ಎದ್ದು ಹಿತ್ತಲಿಗೆ ಹೋದೆ. ತಗಡು ಸರಿಸಿ ನೋಡಿದರೆ ಮೂರೂ ಕಲ್ಲು ಹಸಿರು ಬೆಳಕಿನಲ್ಲಿ ನಿದ್ದೆ ಮಾಡುತ್ತಿದ್ದವು. ನೀರು ಅಲುಗಿದರೆ ಅವೂ ಮಗ್ಗುಲು ಬದಲಿಸಿದ ಹಾಗೆ ಕಾಣುತ್ತದೆ. ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ.

ಆಮೇಲೆ ಸಿಟ್ಟು ಬಂತು. ಓದಿದವರ ಬುದ್ಧಿ ನೋಡಿ. ಗಟ್ಟಿಯಾಗಬೇಕಾದ್ದನ್ನು ಯಾರಾದರೂ ನೀರಲ್ಲಿ ನೆನೆಹಾಕುತ್ತಾರಾ? ನಾನು ಅಡಿಕೆಯ ನಡುವೆ ಬದುಕಿದವನು. ಹಸಿ ಇದ್ದರೆ ಬೂಷ್ಟು. ಬಿಸಿಲಿಗೆ ಹಾಕಿ, ಮಗುಚಿ, ಮತ್ತೆ ಹಾಕಿದರೆ ಆಗ ಕಲ್ಲಾಗುತ್ತದೆ, ಹಲ್ಲಿಗಿಟ್ಟರೆ ಕಟ್ ಅನ್ನುತ್ತದೆ. ಕಲ್ಲನ್ನು ಕಲ್ಲು ಮಾಡುವುದೂ ಬಿಸಿಲೇ.

ಎಡಗೈಯಲ್ಲಿ ಒಂದನ್ನು ಎತ್ತಿ ಹೊರಗಿಟ್ಟೆ. ಎಂಟು ಕೆ.ಜಿ. ಇರಬೇಕು, ಕೈಯ ತಕ್ಕಡಿ ಇನ್ನೂ ಸುಳ್ಳು ಹೇಳುವುದಿಲ್ಲ. ಮೂರನ್ನೂ ತೆಗೆಯೋಣ ಎಂದರೆ ಸುಸ್ತಾಯಿತು. ಬಚ್ಚಲ ಹಿಂದಿನ ಚಪ್ಪಡಿ ಮೇಲೆ ಒಣಗಲು ಇಟ್ಟೆ. ಮಗಳಿಗೆ ಒಂದಾದರೂ ಗಟ್ಟಿ ಕಲ್ಲು ಸಿಗಲಿ.

ಅಷ್ಟಲ್ಲದೆ ಭಾರವೂ ಹದವಾಗಿದೆ. ಬೇಳೆ ಪಟ್ಟಿ ಅವನೇ ಇಟ್ಟುಕೊಳ್ಳಲಿ.

೨೨ ಜನವರಿ, ಮಂಗಳವಾರ

ಬೆಳಿಗ್ಗೆ ಬಿಸಿಲಿಗೆ ಇಡುತ್ತೇನೆ. ಮಧ್ಯಾಹ್ನ ಟವೆಲಿನಲ್ಲಿ ಸುತ್ತಿ ಕೋಣೆಗೆ ತರುತ್ತೇನೆ. ತೊಡೆ ಮೇಲಿಟ್ಟುಕೊಂಡು ಎರಡೂ ಕೈ ಹಾಕಿ ಎದೆವರೆಗೆ. ಎತ್ತುವುದು ಎಡಗೈ, ಬಲಗೈ ಜೊತೆಗೆ ಹೋಗಿಬರುತ್ತದೆ, ಮದುವೆ ದಿಬ್ಬಣದಲ್ಲಿ ಸುಮ್ಮನೆ ನಡೆಯುವ ನೆಂಟರ ಹಾಗೆ. ಬಿಸಿಲು ಹೀರಿದ ಕಲ್ಲು ಹೊಟ್ಟೆಗೆ ಬೆಚ್ಚಗಿರುತ್ತದೆ. ಹಾಗೇ ಕಣ್ಣು ಕೂರುತ್ತದೆ.

೨೭ ಜನವರಿ, ಭಾನುವಾರ

ವಿಶ್ವಾರಾಧ್ಯ ಬಂದಾಗ ಸಂಧ್ಯಾ ಮನೆಯಲ್ಲಿದ್ದಳು. ಇಬ್ಬರೂ ಸೇರಿ ನನ್ನ ತಲೆ ಕೆಡಿಸಿದರು.

ಅವನ ಪ್ರಕಾರ ಒಂದೇ ಸಲ ಎಷ್ಟು ಎತ್ತುತ್ತೀಯ ಅದು ಒಂದು ಶಕ್ತಿ, ಎಷ್ಟು ಬೇಗ ಎತ್ತುತ್ತೀಯ ಅದು ಇನ್ನೊಂದು, ಎಷ್ಟು ಹೊತ್ತು ಎತ್ತುತ್ತಲೇ ಇರುತ್ತೀಯ ಅದು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಇಂಗ್ಲಿಷು ಹೆಸರು. ಇವಳ ಸೈನ್ಸು ಅದಕ್ಕಿಂತ ಅಧ್ವಾನ.

"ಅಪ್ಪ, ಸಿಟ್ಟು ಮಾಡ್ಕೋಬೇಡ. ಚೀಲ ನೆಲದಿಂದ ಎತ್ತಿದ್ರೆ ಅದು ಕೆಲಸ. ಆಮೇಲೆ ಅದನ್ನ ಹೊತ್ಕೊಂಡು ಸಮ ನೆಲದಲ್ಲಿ ಒಂದು ಮೈಲಿ ನಡೆದ್ರೂ ಚೀಲದ ಮೇಲೆ ಮಾಡಿದ ಕೆಲಸ ಸೊನ್ನೆ."

"ಸೊನ್ನೆ? ಬೆವರು ಯಾರಪ್ಪಂದು?"

"ಬೆವರು ಬೇರೆ ಲೆಕ್ಕ ಅಪ್ಪ."

ಹೂವಮ್ಮ ಅಡುಗೆಮನೆಯಿಂದಲೇ, "ಹಂಗಾದ್ರೆ ಇಷ್ಟು ವರ್ಷ ಮಂಡೀಲಿ ಸುಮ್ನೆ ಓಡಾಡ್ಕೊಂಡಿದ್ರಾ ನೀವು?" ಎಂದಳು. ವಿಶ್ವಾರಾಧ್ಯ ಕಾಫಿ ಉಗುಳಿಕೊಂಡ.

ಕಾಂಕ್ರೀಟಿನ ಮಾತೂ ಬಂತು. ಅದನ್ನು ಅದುಮಿದರೆ ಎಷ್ಟು ಬೇಕಾದರೂ ತಡೆಯುತ್ತದಂತೆ, ಎಳೆದರೆ ಸುಲಭಕ್ಕೆ ಬಿರುಕು ಬಿಡುತ್ತದಂತೆ. ಅದಕ್ಕೇ ಒಳಗೆ ಕಬ್ಬಿಣ ಕಟ್ಟುತ್ತಾರೆ.

"ನಿಮ್ಮಪ್ಪನ ಹಾಗೆ," ಎಂದಳು ಹೂವಮ್ಮ.

"ನಾನು ಕಾಂಕ್ರೀಟಾದ್ರೆ ಕಬ್ಬಿಣ ಯಾವ್ದೇ?"

ಅವಳು ಒಗ್ಗರಣೆ ಹಾಕಿದಳು. ಅಷ್ಟು ಜೋರಾಗಿ ಸಾಸಿವೆ ಸಿಡಿದದ್ದು ನಾನು ಕೇಳಿರಲಿಲ್ಲ.

೮ ಫೆಬ್ರವರಿ, ಶುಕ್ರವಾರ

ನಾಳೆ ಕಲ್ಲು ಒಡೆಯುವ ದಿನ. ನನ್ನದನ್ನು ವಾಪಸ್ಸು ಬಾನಿಯಲ್ಲಿಟ್ಟು ತಗಡು ಮುಚ್ಚಿದೆ. ನೀರಿಗಿಳಿಯುವಾಗ ಸಣ್ಣ ಗುಳ್ಳೆಗಳನ್ನು ಬಿಟ್ಟಿತು, ಏನೋ ಹೇಳಿಕೊಳ್ಳುವ ಹಾಗೆ. ಬಾಯಾರಿತ್ತೇನೋ. ಚೆನ್ನಾಗಿ ಒಣಗಿತ್ತು, ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು. ಮೂರರಲ್ಲಿ ಇದೇ ಗೆಲ್ಲುವುದು.

೯ ಫೆಬ್ರವರಿ, ಶನಿವಾರ

ಸಂಧ್ಯಾ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಜಗಲಿಯಲ್ಲೇ ಕೂತಳು. ಎರಡು ಕಲ್ಲು ಚೆನ್ನಾಗಿ ತಡೆದವಂತೆ. ಮೂರನೆಯದು ಅರ್ಧ ಭಾರಕ್ಕೇ ಪುಡಿಯಾಯಿತಂತೆ. ಪಕ್ಕದಲ್ಲೇ ನಿಂತಿದ್ದ ದೊಡ್ಡ ಇಂಜಿನಿಯರು, "ಒಂದು ಕಲಸಿಗೆ ಸಿಮೆಂಟೇ ಬಿದ್ದಿಲ್ಲ. ನೀವೇನು ನೋಡ್ತಾ ಇದ್ರಿ ಅಲ್ಲಿ?" ಎಂದು ಎಲ್ಲರೆದುರು ಕೇಳಿದನಂತೆ. ಆ ಕಲಸು ತಾರಸಿಯ ಯಾವ ಭಾಗಕ್ಕೆ ಬಿದ್ದಿದೆಯೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಇಡೀ ತಾರಸಿ ಒಡೆಯಬೇಕಾಗಬಹುದು. ಅವಳ ಕೆಲಸವೂ ಹೋಗಬಹುದು.

ಕಲಸಿದ್ದು ರಾಮಯ್ಯ ಮೇಸ್ತ್ರಿ. ಸಿಮೆಂಟು ಮಾರಿಕೊಂಡಿದ್ದಾನೆ ಎಂದು ಕಂಟ್ರಾಕ್ಟರು ಅವನನ್ನು ಆಗಲೇ ಸೈಟಿನಿಂದ ಕಳಿಸಿದ್ದಾನೆ.

ನನ್ನ ಮಗಳ ಕಣ್ಣಲ್ಲಿ ನೀರು ತರಿಸಿದವನು ನನ್ನ ಕೈಗೆ ಸಿಗಬೇಕು.

೧೦ ಫೆಬ್ರವರಿ, ಭಾನುವಾರ

ಸಿಕ್ಕಿದ. ರಾಮಯ್ಯ ತಾನಾಗೇ ಮನೆಗೆ ಬಂದ. ಸಣ್ಣ ಆಳು, ಕೂದಲಲ್ಲೆಲ್ಲ ಸಿಮೆಂಟಿನ ಬಣ್ಣ. ಜೊತೆಗೆ ಬಂದಿದ್ದ ಇಬ್ಬರು ಗಾರೆಯವರು ಕಾಂಪೌಂಡಿನಾಚೆ ನಿಂತಿದ್ದರು.

"ಅಮ್ಮಾವ್ರನ್ನ ನೋಡ್ಬೇಕಿತ್ತು ಯಜಮಾನ್ರೇ. ನಾನು ಒಂದು ಬಾಂಡ್ಲಿ ಕಮ್ಮಿ ಹಾಕಿದ್ರೂ ನನ್ನ ಕೈ ಉದುರ್ಲಿ. ಅವ್ರೇ ಪಕ್ಕ ನಿಂತಿದ್ರು, ಕೇಳಿ."

ಸಂಧ್ಯಾ ಒಳಗಿನಿಂದ ಬರುವಷ್ಟರಲ್ಲಿ ನಾನು ಶುರು ಮಾಡಿಯಾಗಿತ್ತು. ಲಕ್ವ ಹೊಡೆದ ಮೇಲೆ ಅಷ್ಟು ಜೋರಾಗಿ ಕೂಗಿರಲಿಲ್ಲ. ಕಳ್ಳ ಎಂದೆ. ಸಿಮೆಂಟು ಕಳ್ಳ, ಬಡವರ ತಲೆ ಮೇಲೆ ತಾರಸಿ ಬೀಳಿಸುವ ಕಳ್ಳ ಎಂದೆ. ಎದುರುಮನೆಯವರು ಹೊರಗೆ ಬಂದರು. ಆ ಮಾತು ಮಾತ್ರ ನಾಲಿಗೆಗೆ ಸ್ವಲ್ಪವೂ ತೊಡರಲಿಲ್ಲ.

ಅವನು ಗೇಟಿನ ಚಿಲಕ ಮೆಲ್ಲಗೆ ಹಾಕಿ ಹೋದ. ಗಾರೆಯವರು ಅವನ ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು ಬೇರೆ ದಾರಿಯಲ್ಲಿ ಹೋದರು.

ಮೈಯೆಲ್ಲ ಹುಷಾರಾದ ಹಾಗಿತ್ತು. ಚೆನ್ನಾಗಿ ನಿದ್ದೆ ಬಂತು.

೧೨ ಫೆಬ್ರವರಿ, ಮಂಗಳವಾರ

ಸಂಧ್ಯಾ ಸೈಟಿಗೆ ಹೋಗಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಬಾನಿಯ ನೀರು ತೋಡಿ ಕನಕಾಂಬರದ ಬುಡಕ್ಕೆ ಹುಯ್ಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅಲ್ವೇ, ಅವನ್ನ ನೀರಲ್ಲಿ ಯಾಕೆ ಇಟ್ಟಿದ್ದು?"

"ಗಟ್ಟಿಯಾಗೋಕೆ ಅಪ್ಪ."

"ನೀರಲ್ಲಿ ಮೆತ್ತಗಾಗಲ್ವಾ?"

"ಸಿಮೆಂಟು ಒಣಗಿ ಗಟ್ಟಿಯಾಗಲ್ಲ. ನೀರು ಕುಡಿದು ಗಟ್ಟಿಯಾಗುತ್ತೆ. ಎಷ್ಟು ದಿನ ಕುಡಿಯುತ್ತೋ ಅಷ್ಟು ಗಟ್ಟಿ. ಎಳೇದಿದ್ದಾಗ ಬಿಸಿಲಿಗಿಟ್ರೆ ಅಲ್ಲಿಗೇ ನಿಂತ್ಬಿಡುತ್ತೆ. ಆಮೇಲೆ ಒಂದಿನ ನೆನೆಸಿದ್ರೆ ಏನೂ ಉಪಯೋಗ ಇಲ್ಲ."

ಅವಳು ಕೊಡ ಎತ್ತಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತಿದ್ದಳು. ಹಿತ್ತಲೆಲ್ಲ ಯಾರೋ ದೂರದಿಂದ ತೋರಿಸುತ್ತಿರುವ ಚಿತ್ರದ ಹಾಗೆ ಕಂಡಿತು. ಕೊಡ, ಅವಳ ಕೈ, ಚಪ್ಪಡಿ ಮೇಲೆ ಕಲ್ಲಿಟ್ಟಿದ್ದ ಕಡೆ ಬಿದ್ದ ಚೌಕ ಕಲೆ. ಕಲೆಯನ್ನು ನೋಡುತ್ತಾ ಕೂತೆ. ಇಷ್ಟು ದಿನ ಆ ಕಲೆ ನನಗೆ ಕಂಡಿರಲಿಲ್ಲ.

ಹೇಳಿದೆ. ಒಂದು ಕಲ್ಲು ತೆಗೆದು ಒಣಗಿಸಿದವನು ನಾನು ಎಂದೆ. ಮೊದಲು ನೀನು ಸರಿಯಾಗಿ ಹೇಳಿ ಹೋಗಬೇಕಿತ್ತು ಎಂದೂ ಹೇಳಿದೆ. ಹೇಳಬಾರದಿತ್ತು, ಬಾಯಿಗೆ ಬಂತು.

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು. ಕೊಡ ಕೆಳಗಿಟ್ಟು, "ರಾಮಯ್ಯ," ಎಂದಳು. ಅಷ್ಟೇ.

ಹೌದು. ಮಂಡಿಯಲ್ಲಿ ಹಮಾಲಿಗೆ ಕಳ್ಳ ಅನ್ನುವ ಮಾತು ಅಂಟಿದರೆ ಮಾರನೆಯ ದಿನ ಅವನ ಬೆನ್ನಿಗೆ ಯಾರೂ ಚೀಲ ಇಡುವುದಿಲ್ಲ. ಗಾರೆಯವರಲ್ಲೂ ಹಾಗೇ ಇರಬೇಕು.

೧೪ ಫೆಬ್ರವರಿ, ಗುರುವಾರ

ಸಂಧ್ಯಾ ಜೊತೆ ದೊಡ್ಡ ಇಂಜಿನಿಯರ ಆಫೀಸಿಗೆ ಹೋದೆ. ಎಲ್ಲ ಹೇಳಿದೆ. "ಆಂ?" ಎಂದ. ಮತ್ತೆ ಹೇಳಿದೆ. ಅವನು ನನ್ನ ಬಾಯಿಯ ಸೊಟ್ಟ ಕಡೆಯನ್ನೇ ನೋಡುತ್ತಿದ್ದ.

"ಮಗಳ ಕೆಲಸ ಉಳಿಸೋಕೆ ಅಪ್ಪ ಆದೋರು ಏನಾದ್ರೂ ಹೇಳ್ತಾರೆ. ಅದು ತಪ್ಪಲ್ಲ ಬಿಡಿ ಅಜ್ಜ."

ಮೇಜು ಗುದ್ದೋಣವೆಂದು ಕೈ ಎತ್ತಿದೆ. ಬಲಗೈ. ಅದು ಮೇಜಿನ ಮೇಲೆ ಹತ್ತಿಯ ಹಾಗೆ ಇಳಿಯಿತು.

ಕೊನೆಗೆ ಅವನು ಒಂದು ದಾರಿ ಹೇಳಿದ. ತಾರಸಿಯ ಮೇಲೇ ಭಾರ ಹೇರಿ ನೋಡುವುದು. ತಡೆದರೆ ಸರಿ, ಇಲ್ಲದಿದ್ದರೆ ಒಡೆಯುವುದು.

ಬಸ್ಸಿನಲ್ಲಿ ಅಪ್ಪ ಮಗಳು ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆ ನೋಡಿದೆವು.

೧೭ ಫೆಬ್ರವರಿ

ಏನೂ ಇಲ್ಲ.

೨೧ ಫೆಬ್ರವರಿ, ಗುರುವಾರ

ಭದ್ರಾವತಿಗೆ ಹೋದೆ. ಬೇಡ ಎಂದರೂ ಹೋದೆ. ಸಮುದಾಯ ಭವನದ ಎದುರು ಹೊಂಗೆ ಮರದಡಿ ಕುರ್ಚಿ ಹಾಕಿಕೊಟ್ಟರು.

ಕೂಲಿಯವರು ಮರಳಿನ ಚೀಲ ಹೊತ್ತು ತಾರಸಿ ಹತ್ತುತ್ತಿದ್ದರು. ಬಿಸಿಲಿಗೆ ಎದುರಾಗಿ ಅವರು ಹೋಗುವುದು, ಬರಿಗೈಯಲ್ಲಿ ಇಳಿಯುವುದು. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಅವುಗಳಲ್ಲಿ ನಾನು ಯಾವ ಬೆನ್ನು ಎಂದು ಹುಡುಕುತ್ತಾ ಕೂತ ಹಾಗಿತ್ತು. ಎರಡು ಸಲ ನನಗೆ ನಾನೇ ಸಿಕ್ಕಿದೆ, ಮೂರನೇ ಸಲ ತಪ್ಪಿಹೋದೆ.

ತಾರಸಿಯ ಕೆಳಗೆ ನಡುಮಧ್ಯದಲ್ಲಿ ಕಂಬಿ ನೆಟ್ಟು ಗಡಿಯಾರದಂಥದ್ದೊಂದು ಕೂರಿಸಿದ್ದಾರೆ. ಮೇಲೆ ಭಾರ ಬಿದ್ದ ಹಾಗೆಲ್ಲ ಅದರ ಮುಳ್ಳು ಸರಿಯುತ್ತದೆ. ಸಂಧ್ಯಾ ಬಗ್ಗಿ ನೋಡಿ ಬಂದಳು.

"ಅಲ್ಲಾಡ್ತಾ?" ಎಂದೆ. ಎಂಟು ದಿನದ ಮೇಲೆ ನಮ್ಮಿಬ್ಬರಲ್ಲಿ ಮಾತು.

"ಬಗ್ಗಿದೆ."

"ಅಯ್ಯ, ಹಾಗಾದ್ರೆ ಹೋಯ್ತು!"

"ಇಲ್ಲ ಅಪ್ಪ. ಬಗ್ಗಲೇಬೇಕು. ಎಲ್ಲ ತಾರಸೀನೂ ಬಗ್ಗುತ್ತೆ, ಕಣ್ಣಿಗೆ ಕಾಣಲ್ಲ. ಒಂದಿನ ಭಾರ ಇಟ್ಟು, ನಾಳೆ ಇಳಿಸಿ, ಇನ್ನೊಂದಿನ ಸುಮ್ನೆ ಬಿಡ್ತಾರೆ. ಬಗ್ಗಿದ್ರಲ್ಲಿ ಮುಕ್ಕಾಲು ಭಾಗ ವಾಪಸ್ ಮೇಲೆ ಬಂದ್ರೆ ಸಾಕು, ಪಾಸು."

"ಪೂರ್ತಿ ಬರ್ಬೇಕಾಗಿಲ್ವಾ?"

"ಪೂರ್ತಿ ಯಾವ್ದೂ ಬರಲ್ಲ."

ನೀರಿನ ಬಾಟಲಿ ಕೊಟ್ಟಳು. ಕುಡಿದೆ. ಅಂಗಿ ಮೇಲೆ ಚೆಲ್ಲಿತು, ಒರೆಸಿದಳು.

೨೩ ಫೆಬ್ರವರಿ, ಶನಿವಾರ

ಭಾರ ಇಳಿಸಿ ಒಂದು ದಿನವಾಗಿತ್ತು. ಭವನದ ಖಾಲಿ ಹಾಲಿನಲ್ಲಿ ನಾಲ್ಕು ಜನರ ಉಸಿರು ಗೋಡೆಗೆ ತಗುಲಿ ವಾಪಸ್ಸು ಕೇಳುತ್ತಿತ್ತು. ಇಷ್ಟು ದೊಡ್ಡ ತಾರಸಿ, ಯಾರ ಸಹಾಯವೂ ಇಲ್ಲದೆ, ಸದ್ದಿಲ್ಲದೆ ತನ್ನಷ್ಟಕ್ಕೆ ಮೇಲೇಳುತ್ತಿದೆ ಎನ್ನುವುದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತಿತ್ತು. ತಲೆ ಎತ್ತಿ ನೋಡಿದೆ. ಸೆಂಟ್ರಿಂಗ್ ಹಲಗೆಯ ಗೆರೆಗಳೆಲ್ಲ ಹಾಗೇ ಅಚ್ಚಾಗಿದ್ದವು, ಹೊಳೆಯ ಮರಳಿನಲ್ಲಿ ನೀರು ಬಿಟ್ಟುಹೋದ ಗೆರೆಗಳ ಹಾಗೆ.

ಇಂಜಿನಿಯರು ಮುಳ್ಳು ನೋಡಿದ, ಬರೆದ, ಕೂಡಿ ಕಳೆದ.

"ಮುಕ್ಕಾಲಲ್ಲ, ಇನ್ನೂ ಜಾಸ್ತಿನೇ ಬಂದಿದೆ. ತಾರಸಿ ಚೆನ್ನಾಗಿದೆ," ಎಂದ. ನನ್ನ ಕಡೆ ತಿರುಗಿ, "ಏನಜ್ಜ, ನಿಜವಾಗ್ಲೂ ಒಣಗಿಸಿದ್ರಾ?" ಎಂದ.

"ಅಡಿಕೆ ಥರ," ಎಂದೆ.

ಎಲ್ಲರೂ ನಕ್ಕರು. ಸಂಧ್ಯಾ ನಗುತ್ತಲೇ ಆಚೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತಳು.

೨೬ ಫೆಬ್ರವರಿ, ಮಂಗಳವಾರ

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಇಲ್ಲ. ಕಂಟ್ರಾಕ್ಟರು ಹೇಳಿಕಳಿಸಿದರೂ ರಾಮಯ್ಯ ಬಂದಿಲ್ಲ. ಬೇರೆಯವರೂ ಅವನನ್ನು ಕರೆಯುತ್ತಿಲ್ಲವಂತೆ. ಭದ್ರಾವತಿಯ ಹಳೇ ಸೇತುವೆ ಹತ್ತಿರ ಬೆಳಿಗ್ಗೆ ಗಾರೆಯವರು, ಕೂಲಿಯವರು ಸೇರುತ್ತಾರೆ, ಕೆಲಸ ಇರುವವರು ಬಂದು ಕರೆದೊಯ್ಯುತ್ತಾರೆ. ರಾಮಯ್ಯ ದಿನಾ ನಿಂತು ನಿಂತು ಮನೆಗೆ ಹೋಗುತ್ತಾನಂತೆ. ತಾರಸಿ ಪಾಸಾದದ್ದು ಆಫೀಸಿನ ನಾಲ್ಕು ಜನಕ್ಕೆ ಗೊತ್ತು. ಕಳ್ಳ ಅಂದದ್ದು ಸೇತುವೆಯ ಎರಡೂ ಕಡೆಗೆ ಗೊತ್ತು.

ವಿಶ್ವಾರಾಧ್ಯ ಬಂದಿದ್ದ. ಕೈ ನೋಡಿ ಏನೋ ಹೇಳಿದ. ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

೨೮ ಫೆಬ್ರವರಿ, ಗುರುವಾರ

ರಾಮಯ್ಯನ ಮನೆಗೆ ಹೋಗಿದ್ದೆ. ಒಂದೇ ಕೋಣೆ, ನೆಲ ಮಾತ್ರ ಕನ್ನಡಿ ಹಾಗಿದೆ, ಅವನೇ ತಿಕ್ಕಿ ಹೊಳಪು ತಂದಿರಬೇಕು. ಅವನ ಹೆಂಡತಿ ದುರ್ಗಮ್ಮ ಕುಡಿಯಲು ನೀರು ಕೊಟ್ಟಳು, ಕೂರಿ ಎನ್ನಲಿಲ್ಲ. ನಾನೇ ಹೊಸ್ತಿಲ ಮೇಲೆ ಕೂತೆ.

"ತಪ್ಪಾಯ್ತು ಮಾರಾಯ," ಎಂದೆ. ಅವನು ಕೇಳಿಸಿಕೊಂಡ.

"ಯಜಮಾನ್ರೇ, ಅವತ್ತು ಹೆಂಗೆ ಕೂಗಿದ್ರಿ?"

"ಜೋರಾಗಿ ಕೂಗ್ದೆ."

"ಬೀದಿಗೆಲ್ಲ ಕೇಳ್ತು. ನಮ್ಮ ಹುಡುಗ್ರಿಗೆ ಕೇಳ್ತು. ಇವತ್ತು ನಮ್ಮನೆ ಹೊಸ್ತಿಲಲ್ಲಿ ಕೂತು ಮೆಲ್ಲಗೆ ತಪ್ಪಾಯ್ತು ಅಂತೀರ. ನನಗೆ ಕೇಳಿಸ್ತು, ದುರ್ಗಿಗೆ ಕೇಳಿಸ್ತು. ನಮಗಿಬ್ರಿಗೂ ನಾನು ಕದ್ದಿಲ್ಲ ಅನ್ನೋದು ಮೊದ್ಲೇ ಗೊತ್ತಿತ್ತು."

ದುರ್ಗಮ್ಮ ಒಳಗಿಂದ, "ಬಿಡಿ, ಕಾಯಿಲೆ ಮನುಷ್ಯ," ಎಂದಳು.

"ಬೈಯೋವಾಗ ಕಾಯಿಲೆ ಇರ್ಲಿಲ್ವೇನೇ?"

ಬೇರೆ ದಿನವಾಗಿದ್ದರೆ ಎದ್ದು ಬರುತ್ತಿದ್ದೆ. ಯಾಕೋ ಕೂತೇ ಇದ್ದೆ. ನೆಲದ ಹೊಳಪಿನಲ್ಲಿ ಬಾಗಿಲು ಕಾಣುತ್ತಿತ್ತು, ಬಾಗಿಲ ತುಂಬ ಆಕಾಶ, ಆಕಾಶದಲ್ಲಿ ತಲೆಕೆಳಗಾಗಿ ಕೂತ ಒಬ್ಬ ಮುದುಕ. ಆಮೇಲೆ ದುರ್ಗಮ್ಮ ಟೀ ತಂದಿಟ್ಟಳು.

೩ ಮಾರ್ಚ್, ಭಾನುವಾರ

ಬೆಳಿಗ್ಗೆಯಿಂದ ಹಿತ್ತಲಲ್ಲಿ ಒಬ್ಬನೇ ಹೇಳಿ ನೋಡುತ್ತಿದ್ದೇನೆ. ಮೂರು ಮಾತು. ಪ್ರತಿ ಸಲ ಒಂದು ಮಾತು ಬಾಯೊಳಗೇ ಮುರಿದು ಬೀಳುತ್ತದೆ. ಪಕ್ಕದ ಮನೆಯ ನಾಯಿ ಬೊಗಳಿತು. ಬಟ್ಟೆ ಹರವಲು ಬಂದ ಹೂವಮ್ಮ, "ನಿಧಾನಕ್ಕೆ ಹೇಳಿ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ," ಎಂದಳು. ಅವಳು ಅಲ್ಲೇ ಇದ್ದಳೆಂದು ಗೊತ್ತಿರಲಿಲ್ಲ. ಇನ್ನೊಂದು ಸಲ ಹೇಳಿಸಿದಳು. ಮತ್ತೊಂದು ಸಲ.

೫ ಮಾರ್ಚ್, ಮಂಗಳವಾರ

ಮೊದಲ ಬಸ್ಸಿಗೆ ಹೋದೆವು. ನಾನೂ ಬರುತ್ತೇನೆ ಎಂದಳು ಹೂವಮ್ಮ, ಬಾ ಎಂದೆ. ಬಸ್ಸು ಹತ್ತುವಾಗ ರಟ್ಟೆ ಹಿಡಿದುಕೊಂಡಳು. ಇಳಿಯುವಾಗಲೂ.

ಭದ್ರಾ ನದಿಯ ಮೇಲೆ ಮಂಜು. ಸೇತುವೆ ಅರ್ಧ ಮಾತ್ರ ಕಟ್ಟಿ ಬಿಟ್ಟ ಹಾಗೆ ಕಾಣುತ್ತಿತ್ತು. ಈ ತುದಿಯಲ್ಲಿ ಟೀ ಅಂಗಡಿಯ ಸುತ್ತ ಬಾಂಡ್ಲಿ, ಕರಣೆ, ಬುತ್ತಿ ಹಿಡಿದು ಜನ ನಿಂತಿದ್ದರು. ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ರಾಮಯ್ಯ ಸ್ವಲ್ಪ ದೂರದಲ್ಲಿ ಸೈಕಲ್ಲಿಗೆ ಒರಗಿಕೊಂಡು ಒಬ್ಬನೇ ಇದ್ದ. ನನ್ನನ್ನು ನೋಡಿದ, ನೋಡದವನ ಹಾಗೆ ನದಿ ಕಡೆ ತಿರುಗಿದ.

ನಾನು ಟೀ ಅಂಗಡಿಯ ಕಟ್ಟೆ ಹತ್ತಿ ನಿಂತೆ.

"ರಾಮಯ್ಯ ಕಳ್ಳ ಅಲ್ಲ," ಎಂದೆ. "ಸಿಮೆಂಟು ಕದ್ದಿಲ್ಲ. ಕಲ್ಲು ಕೆಡಿಸಿದೋನು ನಾನು. ಆಲ್ಕೊಳದ ರಾಮಚಂದ್ರಪ್ಪ."

"ಆಂ?" ಎಂದ ಒಬ್ಬ.

"ಏನಂತೆ ಅಜ್ಜಂದು?"

"ಬೆಳಿಗ್ಗೇನೇ ಹಾಕ್ಕೊಂಡ್ ಬಂದಿದಾನೆ ಕಣೋ!"

ನಗು ಎದ್ದಿತು. ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬರಬೇಕಿತ್ತು. ಎಲ್ಲ ಮಂಜಿನೊಳಗೆ ನಡೆಯುತ್ತಿದೆ, ಅವರು ನಗುತ್ತಿರುವುದು ಯಾವುದೋ ದಡದಲ್ಲಿ ಅನ್ನಿಸಿತು. ಮತ್ತೆ ಹೇಳಿದೆ. ಒಂದೊಂದೇ ಮಾತನ್ನು ಇಳಿಸಿ, ಅದು ನೆಲಕ್ಕೆ ಕೂತ ಮೇಲೆ ಇನ್ನೊಂದನ್ನು ಇಳಿಸಿದೆ. ನನ್ನ ಬಾಯಿ ಹೀಗಾಗಿರುವುದು ಲಕ್ವದಿಂದ ಎಂದೂ ಹೇಳಿದೆ. ಕಲ್ಲು ಒಣಗಿಸಿದ್ದು, ಅವನ ಮರ್ಯಾದೆ ಬೀದಿಗೆಳೆದದ್ದು, ತಾರಸಿ ಪಾಸಾದದ್ದು, ಎಲ್ಲ ಹೇಳಿದೆ. ಅವತ್ತು ನಮ್ಮ ಮನೆಗೆ ಬಂದಿದ್ದ ಗಾರೆಯವನೊಬ್ಬ ಬೀಡಿ ಕೆಳಗೆ ಹಾಕಿ ಚಪ್ಪಲಿಯಲ್ಲಿ ಹೊಸಕಿದ. ಯಾರೂ ನಗುತ್ತಿರಲಿಲ್ಲ.

ರಾಮಯ್ಯ ನದಿ ಕಡೆಯಿಂದ ತಿರುಗಿದ.

"ಯಜಮಾನ್ರೇ, ಆ ತುದೀಲೂ ನಮ್ಮವರು ನಿಂತಿರ್ತಾರೆ. ಅವ್ರಿಗೆ ಕೇಳಿಸಿಲ್ಲ."

ಅವನ ಮುಖದಲ್ಲಿ ನಗು ಇತ್ತೋ ಇಲ್ಲವೋ ಮಂಜಿನಲ್ಲಿ ತಿಳಿಯಲಿಲ್ಲ. ಕಟ್ಟೆ ಇಳಿದು ಸೇತುವೆಗೆ ಕಾಲಿಟ್ಟೆ. ಒಂದು ಕಡೆ ಹೂವಮ್ಮ. ಇನ್ನೊಂದು ಕಡೆ ರಾಮಯ್ಯ ಸೈಕಲ್ ತಳ್ಳಿಕೊಂಡು ಬಂದ, ನನ್ನ ಕಾಲು ಎಷ್ಟು ನಿಧಾನವೋ ಅಷ್ಟೇ ನಿಧಾನ. ಆ ತುದಿ ಮುಟ್ಟಿದಾಗ ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಅಲ್ಲಿದ್ದವರಿಗೆ, "ಒಂದ್ನಿಮಿಷ, ಈ ಯಜಮಾನ್ರದ್ದೊಂದು ಮಾತಿದೆ," ಎಂದ.

ಮತ್ತೆ ಮೊದಲಿನಿಂದ ಹೇಳಿದೆ.